ಗಣಪತಿ ಕೆರೆಯ ಮೇಲಿರುವುದು ಫಾಗೋ ಮಿಸ್ಟೋ?

ತಂಗಿಯ ಮಗಳು ಬಚ್ಚಲೊಲೆಯ ಮುಂದೆ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಏಳನೇ ಕ್ಲಾಸು. ಚಳಿಗಾಲಕ್ಕೆ ಸಂಬಂಧಪಟ್ಟ ಹತ್ತು ಇಂಗ್ಲಿಷ್ ಪದ ಪಟ್ಟಿ ಮಾಡಿ, ಒಂದೊಂದನ್ನೂ ವಾಕ್ಯದಲ್ಲಿ ಬಳಸಬೇಕಂತೆ. ಇಣುಕಿ ನೋಡಿದೆ. ಸ್ನೋ, ಸ್ನೋಮ್ಯಾನ್, ಸ್ನೋಫ್ಲೇಕ್, ಸ್ಲೆಡ್ಜ್, ಮಿಟನ್ಸ್, ಐಸ್ ಸ್ಕೇಟಿಂಗ್, ರೇನ್‌ಡೀರ್. ಏಳಾಗಿತ್ತು. ಎಂಟನೆಯದು ಹೊಳೆಯದೆ ಪೆನ್ಸಿಲ್ಲಿನ ತುದಿ ಕಚ್ಚುತ್ತಿದ್ದಳು. ಹೊರಗೆ ಸಾಗರದ ಡಿಸೆಂಬರ್ ಬೆಳಗು. ಅಂಗಳದಾಚೆಯ ತೆಂಗಿನಮರಕ್ಕೆ ತಲೆಯೇ ಇರಲಿಲ್ಲ. ತಂತಿಯ ಮೇಲೆ ರಾತ್ರಿ ಮರೆತ ಟವೆಲ್ಲು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು.

“ಏಳು, ಕೆರೆ ಕಡೆ ಹೋಗಿ ಬರೋಣ” ಅಂದೆ.

“ಇನ್ನೂ ಮೂರು ಪದ ಬಾಕಿ ಇದೆ ಮಾವ.”

“ಅದನ್ನೇ ತರೋಕೆ ಹೋಗೋದು.”

ಸಾಗರಕ್ಕೆ ಆ ಹೆಸರು ಬಂದಿದ್ದೇ ಕೆರೆಯಿಂದ. ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರವೇ ಈಗಿನ ಗಣಪತಿ ಕೆರೆ ಎಂದು ಊರಿನವರು ಹೇಳುತ್ತಾರೆ. ಆ ಬೆಳಿಗ್ಗೆ ಕೆರೆ ಇದೆ ಎಂಬುದಕ್ಕೆ ಸಾಕ್ಷಿಯಾಗಿ ಕಾಲ ಬುಡದ ಎರಡು ಮಾರು ನೀರು ಮಾತ್ರ ಕಾಣುತ್ತಿತ್ತು. ಅದರಾಚೆ ಬಿಳಿ. ಎಲ್ಲೋ ಒಳಗಿನಿಂದ ಒಬ್ಬರು ಕೆಮ್ಮಿದರು, ಆಮೇಲೆ ಅವರ ಮಫ್ಲರ್ ಕಾಣಿಸಿತು, ಕೊನೆಗೆ ಅವರು.

“ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ?”

“ಮಂಜಿಗಾ? ಸ್ನೋ!”

ಅವಳದು ತಪ್ಪಲ್ಲ. ಕನ್ನಡದಲ್ಲಿ ಹಿಮಾಲಯದ ಮೇಲೆ ಬೀಳುವುದೂ ಮಂಜು, ಕೆರೆಯ ಮೇಲೆ ಕೂತಿದ್ದೂ ಮಂಜು, ಅಜ್ಜನ ಕಣ್ಣಿಗೆ ಕವಿದಿದ್ದೂ ಮಂಜು. ಗಟ್ಟಿಯಾದರೆ ಮಂಜುಗಡ್ಡೆ. ಮಲಯಾಳಿಗಳೂ ಇದರ ಒಡಹುಟ್ಟಿದ ಪದವೊಂದರಲ್ಲೇ ಇಬ್ಬನಿ, ಮಂಜು, ಹಿಮ ಎಲ್ಲವನ್ನೂ ತುಂಬಿಟ್ಟಿದ್ದಾರೆ. ಹಿಮ ಬೀಳದ ನಾಡಿನವರಿಗೆ ಅದಕ್ಕೊಂದು ಬೇರೆ ಹೆಸರಿಡುವ ತುರ್ತು ಬರಲಿಲ್ಲ. ‘ಹಿಮ’ವನ್ನು ಸಂಸ್ಕೃತದಿಂದ ತಂದುಕೊಂಡೆವು, ಪುಸ್ತಕದಲ್ಲಿ ಇಟ್ಟೆವು. ಹೀಗಾಗಿ ಪಠ್ಯಪುಸ್ತಕದ ಚಿತ್ರದಲ್ಲಿ ಬಿಳಿಯ ಹುಡುಗ ಉರುಳಿಸುತ್ತಿದ್ದ ಬಿಳಿ ಉಂಡೆಯೂ ತನ್ನ ಊರಿನ ಕೆರೆಯ ಮೇಲಿನ ಬಿಳಿ ಗಾಳಿಯೂ ಒಂದೇ ಎಂದು ಈ ಹುಡುಗಿ ನಂಬಿದ್ದಳು. ಕನ್ನಡ ಗೊತ್ತಿದ್ದದ್ದರಿಂದಲೇ ಆದ ತಪ್ಪು ಅದು. ಇಂಥ ತಪ್ಪಿಗೆ ಕೆಂಪು ಗೀಟು ಎಳೆಯುವ ಮೊದಲು ಮೇಷ್ಟ್ರು ಒಂದು ಕ್ಷಣ ನಿಲ್ಲಬೇಕು ಅಂತ ನನ್ನ ಆಸೆ.

ಇಂಗ್ಲಿಷಿನವರು ಈ ಬಿಳಿ ಗಾಳಿಯನ್ನು ಎರಡಾಗಿ ಸೀಳಿದ್ದಾರೆ. ಹವಾಮಾನ ಇಲಾಖೆಗಳ ಲೆಕ್ಕದಲ್ಲಿ ಒಂದು ಕಿಲೋಮೀಟರ್ ದೂರದ ವಸ್ತು ಕಾಣದಷ್ಟು ದಟ್ಟವಾಗಿದ್ದರೆ ಫಾಗ್, ಅದಕ್ಕಿಂತ ತೆಳುವಾಗಿದ್ದರೆ ಮಿಸ್ಟ್. ಎರಡರಲ್ಲೂ ಇರುವುದು ಗಾಳಿಯಲ್ಲಿ ತೇಲುವ ಅದೇ ನೀರಿನ ಸಣ್ಣ ಹನಿ. ಹೇಳಿದ ಕೂಡಲೇ ಅವಳಿಗೆ ಅಳೆಯುವ ಹುಚ್ಚು ಹತ್ತಿತು. ಗಣಪತಿ ಕೆರೆ ಒಂದು ಕಿಲೋಮೀಟರ್ ಅಗಲವಿಲ್ಲ. ಆದ್ದರಿಂದ ಆಚೆ ದಡ ಕಾಣದಿದ್ದರೆ ಅನುಮಾನವೇ ಇಲ್ಲ, ಫಾಗ್. ಕಂಡರೆ? ತೀರ್ಮಾನಕ್ಕೆ ಇನ್ನೂ ದೂರ ನೋಡಬೇಕು. ಮಲೆನಾಡಿನ ರಸ್ತೆಯಲ್ಲಿ ಒಂದು ಕಿಲೋಮೀಟರ್ ನೇರ ಕಾಣುವ ಜಾಗ ಎಲ್ಲಿದೆ? ಇನ್ನೂರು ಮೀಟರಿಗೊಂದು ತಿರುವು, ತಿರುವಿನಾಚೆ ಒಂದು ಗುಡ್ಡ. ಈಗೊಂದು ಅನುಕೂಲವಾಗಿದೆ. ಲಿಂಗನಮಕ್ಕಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಸಿಗಂದೂರಿಗೆ ಹೋಗುವ ದಾರಿಯಲ್ಲಿ, 2025ರ ಜುಲೈನಲ್ಲಿ ತೆರೆದ ಸೇತುವೆ ಸುಮಾರು 2.4 ಕಿಲೋಮೀಟರ್ ಉದ್ದವಿದೆ. ಅಲ್ಲಿ ನಿಂತರೆ ಫಾಗಿಗೂ ಮಿಸ್ಟಿಗೂ ಗಡಿ ಹಾಕಬಹುದು. ಹಿನ್ನೀರು ದಾಟಲು ಲಾಂಚಿಗೆ ಕಾದು ಕಾದು ಸಾಕಾಗಿದ್ದ ಆಚೆ ದಡದ ತುಮರಿಯವರು ಇದಕ್ಕಾಗಿ ಸೇತುವೆ ಕೇಳಿರಲಿಲ್ಲ, ನಿಜ.

ಮಂಜು ಇಲ್ಲಿ ಯಾಕೆ ಇಷ್ಟು? ಮಳೆಗಾಲ ಮುಗಿದ ಮೇಲೆ ಆಕಾಶ ಶುಭ್ರವಾಗುತ್ತದೆ, ನೆಲ ಮಾತ್ರ ಇನ್ನೂ ಒದ್ದೆ. ರಾತ್ರಿ ದೊಡ್ಡದು. ಹಗಲು ನೆಲ ಹೀರಿಕೊಂಡ ಬಿಸಿಯೆಲ್ಲ ತಡೆಯುವವರಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ತಣ್ಣನೆಯ ಗಾಳಿಗೆ ಹೆಚ್ಚು ನೀರಾವಿ ಹೊರುವ ಶಕ್ತಿ ಇಲ್ಲ. ಹೊರಲಾಗದ್ದನ್ನು ಹನಿಯಾಗಿ ಇಳಿಸುತ್ತದೆ. ಗಾಳಿಯಲ್ಲೇ ಇಳಿಸಿದರೆ ಮಂಜು, ಹುಲ್ಲಿನ ಮೇಲೆ ಇಳಿಸಿದರೆ ಇಬ್ಬನಿ. ಇಬ್ಬನಿ ‘ಬೀಳುತ್ತದೆ’ ಎಂದು ನಾವೂ ಹೇಳುತ್ತೇವೆ, ಡ್ಯೂ ‘ಫಾಲ್’ ಆಗುತ್ತದೆ ಎಂದು ಅವರೂ ಹೇಳುತ್ತಾರೆ. ಇಬ್ಬರೂ ತಪ್ಪು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಮೇಲೆ ನೀರು ಕೂರುವ ಹಾಗೆ ಅದು ಹುಲ್ಲಿನ ಮೇಲೆಯೇ ಹುಟ್ಟುತ್ತದೆ. ಕಣಿವೆ, ಹೊಳೆ, ಹಿನ್ನೀರು, ಅಡಿಕೆ ತೋಟ ಇರುವ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಇಳಿಸಲು ನೀರಾವಿಗೇನೂ ಬರವಿಲ್ಲ. ಮೋಡ ಕವಿದ ರಾತ್ರಿ ಮಾತ್ರ ಈ ವ್ಯವಹಾರ ನಡೆಯುವುದಿಲ್ಲ. ಮೋಡ ನೆಲಕ್ಕೆ ಕಂಬಳಿ ಹೊದೆಸಿದ ಹಾಗೆ.

ಅಂದರೆ ನಮ್ಮ ಚಳಿಗಾಲ ಋತುವಿಗಿಂತ ಹೆಚ್ಚಾಗಿ ದಿನದ ಒಂದು ಹೊತ್ತು. ಡಿಸೆಂಬರಿನಲ್ಲಿ ಬೆಳಗಿನ ಜಾವ 12–14 ಡಿಗ್ರಿಗೆ ಇಳಿಯುವ ತಾಪಮಾನ ಮಧ್ಯಾಹ್ನ 28–30ಕ್ಕೆ ಏರಿರುತ್ತದೆ. ಒಂಬತ್ತು ಗಂಟೆಗೆ ಬಿಚ್ಚಿದ ಸ್ವೆಟರನ್ನು ಸಂಜೆ ಆರಕ್ಕೆ ಮತ್ತೆ ಹುಡುಕಬೇಕು. ಇಂಗ್ಲಿಷಿನ ವಿಂಟರ್ ಹೀಗೆ ಮಧ್ಯಾಹ್ನ ರಜೆ ಹಾಕುವುದಿಲ್ಲ. ಪಂಚಾಂಗದ ಹೇಮಂತ, ಶಿಶಿರಗಳನ್ನು ನಾವು ಮಾತಿನಲ್ಲಿ ಬಳಸುವುದೂ ಇಲ್ಲ. ಮಾಘದಿಂದ ಬಂದ ಮಾಗಿ ಎಂಬ ಒಂದೇ ಪದ ನಮಗೆ ಸಾಕು. ಶಿವರಾತ್ರಿ ಬಂದ ದಿನ ಚಳಿ ಶಿವಶಿವ ಎಂದು ಓಡಿಹೋಗುತ್ತದೆ ಎಂಬ ಮಾತು ಅದರ ಗಡುವು. ಮಳೆಗೆ ಇಷ್ಟು ಅಸಡ್ಡೆ ಮಾಡಿದವರಲ್ಲ ನಾವು. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು, ಒಂದೊಂದರ ಸ್ವಭಾವವನ್ನೂ ಮನೆಯ ಅಳಿಯಂದಿರ ಸ್ವಭಾವದಂತೆ ನೆನಪಿಟ್ಟಿದ್ದೇವೆ. ಆಗುಂಬೆ, ಹುಲಿಕಲ್ಲು ಇರುವ ಸೀಮೆ ಇದು. ಇಲ್ಲಿ ಭಾಷೆಯ ಬಂಡವಾಳವೆಲ್ಲ ಮಳೆಯ ಮೇಲೆ ಹಾಕಿದ್ದು.

ಹಾಗಂತ ಚಳಿಯ ಖಾತೆ ಪೂರ್ತಿ ಬರಿದಲ್ಲ. ಇಬ್ಬನಿಯ ‘ಬನಿ’ ಹಳಗನ್ನಡದ ‘ಪನಿ’. ಅದೇ ಇಂದಿನ ಹನಿ. ಕಣ್ಣಿನ ಪನಿ ಕಂಬನಿ. ತಮಿಳಿನಲ್ಲಿ ಪನಿ ಎಂದರೆ ಇಬ್ಬನಿ, ಮಂಜು, ಹಿಮ ಎಲ್ಲವೂ. ಮಲಯಾಳದಲ್ಲಿ ಪನಿ ಎಂದರೆ ಜ್ವರ! ತಣ್ಣನೆಯ ಹನಿಯಿಂದ ನಡುಕಕ್ಕೆ, ನಡುಕದಿಂದ ಜ್ವರಕ್ಕೆ ಪದ ಸಾಗಿದ ದಾರಿಯನ್ನು ಊಹಿಸುವುದು ಕಷ್ಟವಲ್ಲ, ನಮ್ಮ ಚಳಿಜ್ವರವೂ ಅಲ್ಲೇ ಪಕ್ಕದಲ್ಲಿದೆ. ಕೆರೆಯ ದಂಡೆಯ ಗರಿಕೆಯ ಮೇಲೆ ಬೆರಳಾಡಿಸಿ ಹುಡುಗಿ ಡ್ಯೂ ಅನ್ನು ಎಂಟನೆಯದಾಗಿ ಸೇರಿಸಿಕೊಂಡಳು. ಫಾಗ್ ಒಂಬತ್ತು. ಮಿಸ್ಟ್ ಹತ್ತು. ಫ್ರಾಸ್ಟ್ ಕೂಡ ಸಿಗಬಹುದಾ ಎಂದು ಕೇಳಿದಳು. ಅದಕ್ಕೆ ಹುಲ್ಲು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯಬೇಕು, ಊಟಿಗೆ ಹೋಗಬೇಕು ಎಂದೆ.

ಹೋಂವರ್ಕ್ ಅಲ್ಲಿಗೆ ಮುಗಿಯಬೇಕಿತ್ತು. ವಾಕ್ಯ ಬರೆಯುವ ಭಾಗ ಉಳಿದಿತ್ತಲ್ಲ, ಅದು ನಮ್ಮನ್ನು ಹೊಸನಗರದ ಬಸ್ಸಿನಲ್ಲೂ ಬಿಡಲಿಲ್ಲ. ಅವಳ ದೊಡ್ಡಮ್ಮನ ಮನೆ ಅಲ್ಲಿ, ಅಡಿಕೆ ಕೊಯ್ಲು ನಡೆದಿತ್ತು. ಕಿಟಕಿಯ ಗಾಜಿನ ಮೇಲಿನ ಹಬೆಯಲ್ಲಿ ಬೆರಳಿನಿಂದ ಗೀಚುತ್ತ ಕೇಳಿದಳು: “ಇಟ್ ಈಸ್ ಕೋಲ್ಡ್ ಅಂತಾರಲ್ಲ ಮಾವ, ಇಟ್ ಅಂದ್ರೆ ಎಂತದು? ಯಾವುದು ಕೋಲ್ಡು?”

ಎಂ.ಎ. ಓದಿದವರೂ ತಡವರಿಸುವ ಪ್ರಶ್ನೆ. ಕನ್ನಡದಲ್ಲಿ ಹವೆಯ ಪ್ರತಿಯೊಂದಕ್ಕೂ ಅದರದೇ ಕ್ರಿಯಾಪದ ಇದೆ. ಮಳೆ ಬರುತ್ತದೆ, ಗಾಳಿ ಬೀಸುತ್ತದೆ, ಬಿಸಿಲು ಕಾಯುತ್ತದೆ, ಮಂಜು ಕವಿಯುತ್ತದೆ, ಚಳಿ ಕೊರೆಯುತ್ತದೆ. ಯಾರೂ ಇಲ್ಲದೆಯೂ ವಾಕ್ಯ ನಡೆಯುತ್ತದೆ. ಬೆಳಿಗ್ಗೆ ಬಾಗಿಲು ತೆರೆದು “ಎಂಥಾ ಚಳಿ ಮಾರಾಯ್ರೆ!” ಅಂದರೆ ಹೇಳಬೇಕಾದ್ದೆಲ್ಲ ಹೇಳಿ ಆಯಿತು. ಇಂಗ್ಲಿಷ್ ವಾಕ್ಯಕ್ಕೆ ಮುಂದಿನ ಸೀಟಿನಲ್ಲಿ ಯಾರಾದರೂ ಕೂತಿರಲೇಬೇಕು. ಯಾರೂ ಇಲ್ಲದಿದ್ದರೆ? ನಾನು ಮುಂದಿನ ಸೀಟು ತೋರಿಸಿದೆ. ಟೀ ಕುಡಿಯಲು ಇಳಿದ ಯಾರೋ ಕಿಟಕಿಯಿಂದ ತೂರಿಸಿ ಇಟ್ಟ ಟವೆಲ್ಲು ಅಲ್ಲಿತ್ತು. ‘ಇಟ್’ ಅಂದರೆ ಆ ಟವೆಲ್ಲು ಅಂದೆ. ಜಾಗ ಹಿಡಿಯಲು ಇಟ್ಟದ್ದು, ಅದರೊಳಗೆ ಯಾರೂ ಇಲ್ಲ. ಅವಳು ನಕ್ಕಳು, ಹಿಂದಿನ ಸೀಟಿನ ಹೆಂಗಸೂ ನಕ್ಕರು.

ಇದಕ್ಕಿಂತ ದೊಡ್ಡ ಗಂಟು ಇರುವುದು ‘ನನಗೆ’ಯಲ್ಲಿ. ನನಗೆ ಚಳಿ ಆಗುತ್ತದೆ, ನನಗೆ ಹಸಿವಾಗುತ್ತದೆ, ನನಗೆ ನಿದ್ದೆ ಬರುತ್ತದೆ. ನಮ್ಮ ವ್ಯಾಕರಣದಲ್ಲಿ ಚಳಿ ಹೊರಗಿನಿಂದ ಬರುವ ನೆಂಟ. ನಾನು ಚತುರ್ಥಿ ವಿಭಕ್ತಿಯಲ್ಲಿ ಬಾಗಿಲ ಬಳಿ ನಿಂತಿರುತ್ತೇನೆ. ಆದ್ದರಿಂದಲೇ ಹಳ್ಳಿಯ ಹುಡುಗರು ‘ಕೋಲ್ಡ್ ಈಸ್ ಕಮಿಂಗ್ ಟು ಮಿ’ ಎಂದು ಬರೆಯುತ್ತಾರೆ. ಓದಿದಾಗ ನಗು ಬರುತ್ತದೆ, ಆದರೆ ಅದರೊಳಗೆ ಸುಸಂಬದ್ಧವಾದ ಕನ್ನಡ ಇದೆ. ಇಂಗ್ಲಿಷಿನಲ್ಲಿ ‘ಐ ಆಮ್ ಕೋಲ್ಡ್’. ಹೆಸರು ಹೇಳಿಕೊಂಡ ಹಾಗೆ, ನಾನೇ ಚಳಿ. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ಮಾತ್ರ ಬೇರೆ ಕಥೆ. ನಡುವೆ ಒಂದು ‘ಎ’ ಬಂದು ಸೇರಿದ ಕೂಡಲೇ ಮೂಗು ಸೋರಲು ಶುರುವಾಗುತ್ತದೆ. ಇಲ್ಲಿ ಕೈ ಖಾಲಿ ಇರುವುದು ಇಂಗ್ಲಿಷಿನದು. ಹವೆಯ ಚಳಿ, ಮೂಗಿನ ಶೀತ, ಎಳನೀರಿನ ತಂಪು, ಆರಿದ ಅನ್ನದ ತಣ್ಣಗೆ, ರಾತ್ರಿ ಮೊಸರು ತಿನ್ನಬೇಡ ಎನ್ನುವಾಗಿನ ಥಂಡಿ, ಇಷ್ಟಕ್ಕೂ ಅಲ್ಲಿ ಹೆಚ್ಚಾಗಿ ಕೋಲ್ಡ್ ಮತ್ತು ಕೂಲ್ ಎಂಬ ಎರಡು ಪಾತ್ರೆ. ಥಂಡಿಯನ್ನಂತೂ ನಾವೇ ಎರಡಾಗಿ ಹಂಚಿಕೊಂಡಿದ್ದೇವೆ. ಧಾರವಾಡದವರಿಗೆ ಅದು ಹೊರಗಿನ ಹವೆ, ನಮ್ಮ ಕಡೆ ಮೈಗೆ ಹತ್ತುವ ದೋಷ. ಬೆಂಕಿಯ ಮುಂದೆ ಕೂತರೆ ಇಂಗ್ಲಿಷಿನವನು ತನ್ನನ್ನು ಬೆಚ್ಚಗೆ ಮಾಡಿಕೊಳ್ಳುತ್ತಾನೆ. ನಾವು ಚಳಿಯನ್ನೇ ಕಾಯಿಸುತ್ತೇವೆ! ಅವರ ಚಳಿ ಕಚ್ಚುತ್ತದೆ, ನಮ್ಮದು ಕೊರೆಯುತ್ತದೆ. ಗಡಗಡ, ಥರಥರ, ಕಟಕಟ ಎಂದು ನಡುಕಕ್ಕೂ ಹಲ್ಲಿಗೂ ಬೇರೆಬೇರೆ ಸದ್ದು ಕೊಟ್ಟಿದೆ ಕನ್ನಡ.

ಹೊಸನಗರದ ಮನೆಯಂಗಳದಲ್ಲಿ ಯಾರಿಗೂ ಭಾಷಾಶಾಸ್ತ್ರಕ್ಕೆ ಪುರಸೊತ್ತಿರಲಿಲ್ಲ. ಕೊನೆಗೌಡ ಇಳಿಸಿದ ಹಸಿ ಗೊನೆಗಳ ರಾಶಿ ಒಂದು ಕಡೆ, ಸುಲಿದ ಕಾಯಿ ಚೊಗರಿನಲ್ಲಿ ಕುದಿಯುವ ಹಂಡೆ ಇನ್ನೊಂದು ಕಡೆ. ಮೊದಲೆಲ್ಲ ರಾತ್ರಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಸುಲಿಯುತ್ತ ಕೂರುತ್ತಿದ್ದರು, ಚಳಿಯನ್ನು ಮಾತಿನಿಂದ ಓಡಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಯಂತ್ರದ ಸದ್ದು. ಅಕ್ಕ ಆಕಾಶ ನೋಡಿ “ಮೋಡ ಆಗ್ತಾ ಇದೆ, ಹಾಳಾದ್ದು” ಅಂದಳು. ಮಾಗಿಯಲ್ಲಿ ಮೋಡ ಎಂದರೆ ಚಳಿ ಕಡಿಮೆ, ಅಡಿಕೆಗೆ ಬೂಷ್ಟು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಹೊಸನಗರದ ಅಂಗಳದಲ್ಲಿ ಟಾರ್ಪಾಲಿಗೆ ಓಡಬೇಕು. ‘ಕ್ಲೌಡಿ’ ಎಂಬ ಪದದ ಮುಂದೆ ಪಠ್ಯಪುಸ್ತಕ ಒಂದು ಪುಟ್ಟ ಮೋಡದ ಚಿತ್ರ ಬರೆದಿರುತ್ತದೆ. ಅಂಗಳದ ತುಂಬ ಅಡಿಕೆ ಹರವಿದವರಿಗೆ ಆ ಚಿತ್ರ ಸಾಲದು.

ಅಂದಹಾಗೆ ಅಂಗಳದಲ್ಲಿ ಒಣಗುತ್ತಿದ್ದ ವಸ್ತುವಿನ ಇಂಗ್ಲಿಷ್ ಹೆಸರು ಅರೆಕಾ. ಪೋರ್ಚುಗೀಸರು ಪಶ್ಚಿಮ ಕರಾವಳಿಯ ಬಾಯಿಂದ ಕೇಳಿ ಒಯ್ದ ಪದ ಅದು; ಮಲಯಾಳದ ಅಡಕ್ಕ, ನಮ್ಮ ಅಡಿಕೆ ಇವೆಲ್ಲ ಒಂದೇ ಬಳ್ಳಿ. ಕಂಬಳಿಯನ್ನೂ ಇಲ್ಲಿದ್ದ ಇಂಗ್ಲಿಷರು ಕಂಬ್ಲಿ ಎಂದು ಬಳಸಿ, 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ಎಂಬ ಅವರ ನಿಘಂಟಿನಲ್ಲಿ ಸೇರಿಸಿಕೊಂಡರು. ಹತ್ತಿರದಲ್ಲೇ ಇರುವ ‘ನಗರ’ ಎಂಬ ಊರು ಕೆಳದಿ ಅರಸರ ರಾಜಧಾನಿಯಾಗಿದ್ದಾಗ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಮಾಡಿದ. ಇಂಗ್ಲಿಷರ ಬಾಯಲ್ಲಿ ಅದು ಬೆಡ್‌ನೋರ್. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ನಮ್ಮ ಊರು, ಮರ, ಬೆಳೆಗಳ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡು ಹೋದ. ಬೆಡ್‌ನೋರ್ ಅಂದವನಿಗೆ ಯಾರೂ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಡಲಿಲ್ಲ. ನಮ್ಮ ಹುಡುಗಿ ‘ಫಾಗ್’ಗೆ ‘ಪಾಗ್’ ಅಂದಾಗ ಅವಳ ತರಗತಿ ನಗುತ್ತದಂತೆ.

ಊಟಕ್ಕೆ ಕೂತಾಗ ಭಾವನವರು ಇನ್ನೊಂದು ಚಳಿಯ ಮಾತೆತ್ತಿದರು. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ವೈದ್ಯಲೋಕದಲ್ಲಿ ಅದರ ಹೆಸರು ಕ್ಯಾಸನೂರ್ ಫಾರೆಸ್ಟ್ ಡಿಸೀಸ್. ಅದರ ಹಂಗಾಮು ಶುರುವಾಗುವುದು ಇದೇ ಮಂಜಿನ ತಿಂಗಳುಗಳಲ್ಲಿ, ಮುಗಿಯುವುದು ಮಳೆ ಹತ್ತಿರ ಬಂದಾಗ. ಮಳೆ ನಿಂತು ತರಗೆಲೆ ಒಣಗುವ ಹೊತ್ತಿಗೆ ಕಾಡಿನಲ್ಲಿ ಎಳೆಯ ಉಣುಗುಗಳು ಏಳುತ್ತವೆ, ದರಗು ತರಲು, ಸೌದೆಗೆ, ದನದ ಹಿಂದೆ ಹೋದವರಿಗೆ ಹತ್ತಿ ಕಾಯಿಲೆ ಅಂಟಿಸುತ್ತವೆ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಇದರಿಂದ ಪಟ್ಟ ಪಾಡನ್ನು ಈ ಸೀಮೆ ಮರೆತಿಲ್ಲ. ಕಾಯಿಲೆ ಆರಂಭವಾಗುವುದು ಏಕಾಏಕಿ ಚಳಿ, ಜೋರು ಜ್ವರ, ತಲೆ ಸಿಡಿತದಿಂದ. ಇಲ್ಲಿ ‘ಚಳಿ’ ಇಂಗ್ಲಿಷಿಗೆ ಹೋದರೆ ‘ಕೋಲ್ಡ್’ ಆಗಬಾರದು, ‘ಚಿಲ್ಸ್’ ಆಗಬೇಕು, ಅದೂ ಬಹುವಚನದಲ್ಲಿ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಕನ್ನಡ ಬಾರದ ಡಾಕ್ಟರ ಮುಂದೆ ಕೂತವರು ಕೋಲ್ಡ್ ಅಂದರೆ ನೆಗಡಿಯ ಮಾತ್ರೆ ಕೈಗೆ ಬಂದೀತು. ಹತ್ತು ಪದದ ಪಟ್ಟಿಯಲ್ಲಿ ರೇನ್‌ಡೀರ್ ಇದ್ದ ಜಾಗಕ್ಕೆ ಚಿಲ್ಸ್ ಬಂದರೆ ಈ ಮೂರು ತಾಲ್ಲೂಕಿನ ಮಕ್ಕಳಿಗೆ ಲಾಭ ಎಂದು ನನಗೆ ಅನ್ನಿಸಿದ್ದು ಅಲ್ಲಿ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿದ್ದಾರೆ. ಮೊದಲು ಐದನೆಯಲ್ಲಿ ಎಬಿಸಿಡಿ ಹಿಡಿದ ನನ್ನಂಥವರಿಗೆ ಹೋಲಿಸಿದರೆ ಈ ಮಕ್ಕಳಿಗೆ ಪದಗಳು ಬೇಕಾದಷ್ಟು ಗೊತ್ತು. ಗೊತ್ತಿರುವ ಪದಕ್ಕೂ ಕಾಣುವ ವಸ್ತುವಿಗೂ ನಡುವೆ ಗಂಟು ಬಿದ್ದಿಲ್ಲ, ಅಷ್ಟೆ. ಆ ಗಂಟು ಹಾಕುವ ಕಲೆ ಈ ಮಣ್ಣಿಗೆ ಹೊಸದಲ್ಲ. ತೀರ್ಥಹಳ್ಳಿಯ ಕುಪ್ಪಳಿಯ ಹುಡುಗನೊಬ್ಬ ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ, ‘ಬಿಗಿನರ್ಸ್ ಮ್ಯೂಸ್’ ಎಂಬ ಆ ಪುಸ್ತಿಕೆ 1922ರದು. ಎರಡು ವರ್ಷದ ನಂತರ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿನ್ನ ಭಾಷೆಯಲ್ಲಿ ಬರೆ ಎಂದರು. ಹುಡುಗ ಕುವೆಂಪು ಆದರು. ಇಂಗ್ಲಿಷನ್ನು ಅವರು ಬಿಸಾಡಲಿಲ್ಲ, ಊರಿಗೆ ತಂದರು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ, ಇಲಿಗಳನ್ನು ಓಡಿಸುವ ಕೊಳಲಿನವನ ಕವಿತೆ ನಡೆಯುವುದು ಜರ್ಮನಿಯ ಹ್ಯಾಮೆಲಿನ್‌ನಲ್ಲಿ, ವೆಸರ್ ನದಿಯ ದಡದ ಮೇಲೆ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ಕೂರಿಸಿದರು. ಹ್ಯಾಮೆಲಿನ್ ಬೊಮ್ಮನಹಳ್ಳಿಯಾಯಿತು, ಕೊಳಲಿನವನು ಕಿಂದರಿಜೋಗಿಯಾದ. ಕನ್ನಡದ ಮಕ್ಕಳಿಗೆ ಅದು ಬೇರೆ ಊರಿನ ಕಥೆ ಎಂದು ಇವತ್ತಿಗೂ ಅನ್ನಿಸುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನದೇ ಮೇಳಿಗೆಯ ಯು. ಆರ್. ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರು. ಬರ್ಮಿಂಗ್‌ಹ್ಯಾಂನಲ್ಲಿ ಸಂಶೋಧನೆಗೆಂದು ಇದ್ದಾಗ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಎಂಬ ಸ್ವೀಡಿಷ್ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಭಾಷೆ ಬಾರದ ಆ ಸಿನಿಮಾ ಅವರ ‘ಸಂಸ್ಕಾರ’ ಕಾದಂಬರಿಗೆ ದಾರಿಯಾಯಿತು. ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೆ 1964ರಿಂದ 68ರವರೆಗೆ ಪ್ರಾಂಶುಪಾಲರಾಗಿದ್ದವರು ಗೋಪಾಲಕೃಷ್ಣ ಅಡಿಗರು, ಅವರೂ ಇಂಗ್ಲಿಷ್ ಮೇಷ್ಟ್ರೇ. ಈ ಸೀಮೆಯಲ್ಲಿ ಇಂಗ್ಲಿಷ್ ಕಲಿಸಿದ ದೊಡ್ಡವರೆಲ್ಲ ಕನ್ನಡದಲ್ಲಿ ಬರೆದರು ಎಂಬುದು ಬರೀ ಕಾಕತಾಳೀಯ ಎಂದು ನಾನು ಒಪ್ಪುವುದಿಲ್ಲ. ಇನ್ನೊಂದು ಕಾಕತಾಳೀಯ ಬೇಕಾದರೆ ಇದೆ. ಅನಂತಮೂರ್ತಿ ಹುಟ್ಟಿದ್ದು ಡಿಸೆಂಬರ್ 21ಕ್ಕೆ, ಕುವೆಂಪು 29ಕ್ಕೆ. ಇಬ್ಬರೂ ಮಾಗಿಯ ಮಕ್ಕಳು.

ತೀರ್ಥಹಳ್ಳಿಗೆ ನಾವು ಹೋದದ್ದು ಎಳ್ಳಮಾವಾಸ್ಯೆ ಜಾತ್ರೆಗೆ. ಮಾರ್ಗಶಿರ ಬಹುಳ ಅಮಾವಾಸ್ಯೆ, ಅಂದರೆ ಚಳಿ ತುದಿಗೇರುವ ಕಾಲಕ್ಕೇ ಇಲ್ಲಿ ತುಂಗೆಯಲ್ಲಿ ಮುಳುಗಬೇಕು. ಪರಶುರಾಮನ ಕೊಡಲಿಯ ರಕ್ತದ ಕಲೆ ತೊಳೆದುಹೋದ ಜಾಗ ಎಂದು ಪ್ರತೀತಿ. ಬೆಳಗಿನ ಜಾವ ಹೊಳೆಯ ಮೈಯಿಂದ ಆವಿ ಏಳುತ್ತಿತ್ತು. “ಹೊಳೆ ಕುದೀತಿದೆ!” ಎಂದಳು. ಹಾಗೇ ಕಾಣುತ್ತದೆ. ನೀರು ಹಗಲಿನ ಬಿಸಿಯನ್ನು ಗಾಳಿಯಷ್ಟು ಬೇಗ ಬಿಟ್ಟುಕೊಡುವುದಿಲ್ಲ, ಬೆಳಗಿನ ಜಾವಕ್ಕೆ ಗಾಳಿಗಿಂತ ಹೊಳೆಯೇ ಬೆಚ್ಚಗಿರುತ್ತದೆ. ಹೊಳೆಯಿಂದ ಎದ್ದ ಆವಿ ತಣ್ಣನೆಯ ಗಾಳಿ ತಾಗಿ ಹನಿಗಟ್ಟುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟೀಮ್ ಫಾಗ್ ಎಂಬ ಹೆಸರೇ ಇದೆ. ಮುಳುಗಿ ಎದ್ದವರು ಇದನ್ನು ವ್ಯಾಖ್ಯಾನವಿಲ್ಲದೆ ಬಲ್ಲರು. ನೀರಿಗೆ ಇಳಿಯುವಾಗ ಅಲ್ಲ, ಮೇಲೆ ಬಂದಾಗಲೇ ಹಲ್ಲು ಕಟಕಟಿಸುವುದು.

ದಡದಲ್ಲಿ ಬೆಂಗಳೂರಿನ ಕಡೆಯಿಂದ ಬಂದ ಬಿಳಿಯ ಪ್ರವಾಸಿ ದಂಪತಿ ನಿಂತಿದ್ದರು. ಗಂಡ ಇವಳನ್ನು ನೋಡಿ ನಕ್ಕು ಏನೋ ಕೇಳಿದ. ಮನೆಯಲ್ಲಿ ವಟವಟ ಎನ್ನುವ ಹುಡುಗಿ ನನ್ನ ಬೆನ್ನ ಹಿಂದೆ ಸೇರಿಕೊಂಡಳು. ಸ್ಟೀಮ್ ಫಾಗ್ ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ. ಕನ್ನಡದಲ್ಲಿ ಈ ಸ್ಥಿತಿಗೆ ಹೆಸರು ಮೈಚಳಿ. ಸಂಕೋಚಕ್ಕೆ ಚಳಿಯ ಹೆಸರಿಟ್ಟವರು ಚಳಿಯನ್ನು ಚೆನ್ನಾಗಿ ಬಲ್ಲವರಿರಬೇಕು. ಎರಡರಲ್ಲೂ ಮೈ ಮುದುಡುತ್ತದೆ, ದನಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡಕ್ಕೂ ಉಪಾಯ ಒಂದೇ, ಯೋಚಿಸುತ್ತ ದಡದಲ್ಲಿ ನಿಲ್ಲದೆ ಮುಳುಗು ಹಾಕುವುದು. ಪದಪಟ್ಟಿ ಎಷ್ಟು ಉದ್ದವಿದ್ದರೂ ಮೈಚಳಿ ಬಿಡದಿದ್ದರೆ ಬಾಯಿ ತೆರೆಯುವುದಿಲ್ಲ; ‘ಪಾಗ್’ ಎಂದಾಗ ನಕ್ಕ ತರಗತಿಯಲ್ಲಿ ಅದು ಬಿಡುವುದು ಕಷ್ಟ.

ಜಾತ್ರೆಯ ಅಂಗಡಿ ಸಾಲಿನ ಕೊನೆಗೆ ಸ್ವೆಟರ್ ರಾಶಿ ಹಾಕಿಕೊಂಡು ಟಿಬೆಟನ್ ಹೆಂಗಸೊಬ್ಬರು ಕೂತಿದ್ದರು. ಚಳಿಗಾಲ ಬಂದರೆ ನಮ್ಮ ಪಟ್ಟಣಗಳಿಗೆ ಇವರು ಬರುವುದು ವಾಡಿಕೆ. ಸ್ವೆಟರ್ ಅಂದರೆ ಬೆವರಿಸುವಂಥದ್ದು ಎಂದು ಅರ್ಥ ಎಂದು ಹೇಳಿದ್ದಕ್ಕೆ ಹುಡುಗಿ ಕುತೂಹಲದಿಂದ ಒಂದೊಂದನ್ನೇ ಎತ್ತಿ ಕೇಳತೊಡಗಿದಳು. ಮುಂದೆ ಗುಂಡಿ ಇರುವ ಕಾರ್ಡಿಗನ್‌ಗೆ ಆ ಹೆಸರು ಕ್ರಿಮಿಯಾ ಯುದ್ಧದ ಸೇನಾನಿ ಅರ್ಲ್ ಆಫ್ ಕಾರ್ಡಿಗನ್‌ನಿಂದ. ಅವನು 1854ರಲ್ಲಿ ಕುದುರೆ ಪಡೆ ನುಗ್ಗಿಸಿದ್ದು ಬಾಲಾಕ್ಲಾವಾ ಎಂಬಲ್ಲಿ. ನಾವು ಮಂಕಿ ಕ್ಯಾಪ್ ಎನ್ನುವುದನ್ನು ಇಂಗ್ಲೆಂಡಿನವರು ಕರೆಯುವುದು ಬಾಲಾಕ್ಲಾವಾ ಎಂದೇ. ಲಂಡನ್ನಿಗೆ ಹೋಗಿ ಮಂಕಿ ಕ್ಯಾಪ್ ಕೇಳಿದರೆ ಕೋತಿಗೆ ಟೋಪಿ ಹುಡುಕಿಯಾರು.

“ಅಕ್ಕ, ಇದಕ್ಕೆಷ್ಟು?” ಎಂದು ಹುಡುಗಿ ಮಂಕಿ ಕ್ಯಾಪ್ ಎತ್ತಿದಳು.

“ಇನ್ನೂರೈವತ್ತು. ಉಣ್ಣೆ ಒಳ್ಳೇದದೆ, ತೊಳೆದ್ರೂ ಏನೂ ಆಗಲ್ಲ.”

ಮುಂಡಗೋಡಿನ ಕ್ಯಾಂಪಿನವರಂತೆ. ಕನ್ನಡ ಎಲ್ಲಿ ಕಲಿತಿರಿ ಎಂದು ಕೇಳಿದೆ. “ಎಲ್ಲಿ ಅಂದ್ರೆ? ಹಿಂಗೇ, ಮಾರ್ತಾ ಮಾರ್ತಾ. ಮೊದಲು ತಪ್ಪು ತಪ್ಪು ಮಾತಾಡ್ತಿದ್ದೆ, ಗಿರಾಕಿ ನಗೋರು, ನಗ್ತಾ ತಗೊಳ್ಳೋರು.” ಈ ಸಲ ವ್ಯಾಪಾರ ಇಲ್ಲ, ಮೋಡ ಜಾಸ್ತಿ, ಚಳಿ ಬೀಳ್ತಿಲ್ಲ ಎಂದು ನನ್ನ ಅಕ್ಕನ ಹಾಗೆಯೇ ಆಕಾಶ ನೋಡಿದರು.

ಹುಡುಗಿಯ ತಲೆಯಲ್ಲಿ ಅಷ್ಟು ಹೊತ್ತು ಕೊರೆಯುತ್ತಿದ್ದದ್ದು ಹೊರಬಂತು. “ನಿಮ್ಮೂರಲ್ಲಿ ಸ್ನೋ ಬೀಳುತ್ತಲ್ವಾ? ಕೈಯಲ್ಲಿ ಹಿಡಿದ್ರೆ ಹೆಂಗಿರುತ್ತೆ?”

ಆಕೆ ಸ್ವೆಟರ್ ಮಡಚುತ್ತ ನಕ್ಕರು. “ನಾ ಹುಟ್ಟಿದ್ದು ಮುಂಡಗೋಡಲ್ಲೇ ಅಲ್ವಾ ಪುಟ್ಟಿ. ಅಮ್ಮ ಹೇಳೋರು. ನಾನು ಮೊಬೈಲಲ್ಲಿ ನೋಡಿದ್ದು.”

“ನಾನೂ!” ಎಂದಳು ಇವಳು. ಇಬ್ಬರೂ ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹುಡುಗಿ ಟೋಪಿಯನ್ನು ತಲೆಗೆ ಹಾಕಿ, ಕಣ್ಣು ಮಾತ್ರ ಕಾಣುವಂತೆ ಎಳೆದುಕೊಂಡು, ಒಳಗಿನಿಂದಲೇ ಚೌಕಾಸಿಗೆ ಇಳಿದಳು.

“ಇನ್ನೂರು ಮಾಡಿ ಅಕ್ಕ.”

“ಇನ್ನೂರ ಇಪ್ಪತ್ತು. ಅದಕ್ಕಿಂತ ಕಡಿಮೆ ಇಲ್ಲ.”